ಲೋಕೇಶನ ಎದೆನೋವು

ಮನುಷ್ಯ ಸುಳ್ಳು ಹೇಳುವುದು ದೊಡ್ಡ ವಿಷಯವಲ್ಲ. ಹೇಳಿದ ಸುಳ್ಳಿಗೆ ಸನ್ಮಾನ ಮಾಡಿಸಿಕೊಳ್ಳುವುದಿದೆಯಲ್ಲ, ಅದಕ್ಕೆ ದಪ್ಪ ಚರ್ಮ ಬೇಕು. ನನ್ನ ಚರ್ಮ ಅಷ್ಟು ದಪ್ಪವೆಂದು ಐವತ್ತೊಂದನೆಯ ವಯಸ್ಸಿನವರೆಗೆ ನನಗೇ ಗೊತ್ತಿರಲಿಲ್ಲ. ನಾನು ಆಲೂರಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಹಿಮನದಿ ಹೇಗೆ ಹುಟ್ಟುತ್ತದೆ, ಹೇಗೆ ಜಾರುತ್ತದೆ, ಬಂಡೆಯನ್ನು ಹೇಗೆ ಉಜ್ಜುತ್ತದೆ ಎಂದು ಇಪ್ಪತ್ತೈದು ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದ್ದೇನೆ. ಆದರೆ ನಾನು ಕಣ್ಣಾರೆ ಕಂಡ ಅತಿ ದೊಡ್ಡ ಮಂಜುಗಡ್ಡೆಯೆಂದರೆ ಮದುವೆಮನೆಯಲ್ಲಿ ಜ್ಯೂಸಿಗೆ ಒಡೆದು ಹಾಕುವ ಐಸು.

ಈ ಲೋಪವನ್ನು ಸರಿಪಡಿಸಲು ಹೊರಟವನು ಲೋಕೇಶ. ನನ್ನ ಜೊತೆ ಹೈಸ್ಕೂಲು ಓದಿದವನು, ಈಗ ಹೆತ್ತೂರಿನ ಹತ್ತಿರ ಆರು ಎಕರೆ ಕಾಫಿ ಮಾಡಿಕೊಂಡಿದ್ದಾನೆ. ಅಕ್ಟೋಬರಿನಲ್ಲಿ ಹಬ್ಬಕ್ಕೆ ಶಾಲೆಗೆ ಎರಡು ವಾರ ರಜೆ ಬಂತು. "ಬೆಟ್ಟ ಹತ್ತೋದು ನಮ್ಗೇನ್ ಹೊಸದೇನೋ? ಹಿಮದ್ ಬೆಟ್ಟ ಅಂದ್ರೆ ಒಸಿ ತಣ್ಣಗಿರ್ತೈತೆ ಅಷ್ಟೆ" ಅಂದ. ಅವನಿಗೆ ಇದ್ದದ್ದು ಒಂದೇ ಆಸೆ: ತುದಿಯ ಮೇಲೆ ಕೂತು ತನ್ನ ತೋಟದ ಕಾಫಿ ಕುಡಿಯಬೇಕು. ಪುಡಿ, ಬೆಲ್ಲ, ಫ್ಲಾಸ್ಕು ಎಲ್ಲ ಕಟ್ಟಿಕೊಂಡ. ಜೊತೆಗೆ ಸಣ್ಣ ಬಟ್ಟೆಗಂಟಿನಲ್ಲಿ ಸುಣ್ಣ, ಹೊಗೆಸೊಪ್ಪು. ಕೇಳಿದರೆ, ಜಿಗಣೆ ಇದ್ದರೆ ಬೇಕಲ್ಲ ಅಂದ. ಹಿಮದಲ್ಲಿ ಜಿಗಣೆ ಬದುಕುವುದಿಲ್ಲವೆಂದು ಭೂಗೋಳದ ಆಧಾರದ ಮೇಲೆ ವಿವರಿಸಿದೆ. ಆಮೇಲೆ ಮನಸ್ಸು ತಡೆಯದೆ ನಾನೂ ಒಂದು ಉಪ್ಪಿನ ಪೊಟ್ಟಣ ಇಟ್ಟುಕೊಂಡೆ.

ಉತ್ತರದಲ್ಲಿ ಹಿಂದಿ ಮಾತಾಡುವ ಹೊಣೆ ನನ್ನದಾಯಿತು. ಹಿಂದೆ ಎರಡು ಹಿಂದಿ ಪರೀಕ್ಷೆ ಪಾಸು ಮಾಡಿದವನು ನಾನು. ಲೋಕೇಶ ದಾರಿಯುದ್ದಕ್ಕೂ ಬಾಯಿ ಬಿಡಲಿಲ್ಲ, ಟೀ ಬೇಕಾದರೂ ನನ್ನ ಮುಖ ನೋಡುತ್ತಿದ್ದ. ಪಾಪ, ಭಾಷೆ ಬರದವನು ಎಂದು ಮರುಕಪಟ್ಟು ನಾನು ಅಗತ್ಯಕ್ಕಿಂತ ಹೆಚ್ಚೇ ಮಾತಾಡಿದೆ.

ಬೆಟ್ಟದ ದಾರಿ ಹಿಡಿದ ಮೂರನೆಯ ದಿನ ಬೆಳಗ್ಗೆ ಹಿಮನದಿಯ ಮೇಲೆ ನಿಂತೆವು. ಬೂಟಿಗೆ ಕಬ್ಬಿಣದ ಹಲ್ಲು, ಸೊಂಟಕ್ಕೆ ಹಗ್ಗ. ಮುಂದೆ ಗೈಡು, ನಡುವೆ ನಾನು, ಹಿಂದೆ ಲೋಕೇಶ. ಮೂವರೂ ಒಂದೇ ಹಗ್ಗದಲ್ಲಿರುವುದರಿಂದ ಒಬ್ಬರು ಇಳಿದರೆ ಎಲ್ಲರೂ ಇಳಿಯಬೇಕೆಂದು ಗೈಡು ಮೊದಲೇ ಹೇಳಿದ್ದ. ಗಂಟೆಯೊಳಗೆ ನನ್ನ ಎದೆ ಕುಲುಮೆಯ ತಿದಿಯಂತಾಯಿತು. ಆಗ ಒಂದು ಬಿರುಕು ಬಂತು. ನಮ್ಮ ಮನೆ ಮುಂದಿನ ಚರಂಡಿಗಿಂತ ಅಗಲವಿರಲಿಲ್ಲ. ಬಗ್ಗಿ ನೋಡಿದೆ. ಒಳಗೆಲ್ಲ ನೀಲಿ, ತಳವೇ ಇಲ್ಲ. ಬೋರ್ಡಿನ ಮೇಲೆ ಇದನ್ನೇ ನಾನು ಒಂದು ಗೀಟಿನಲ್ಲಿ ಮುಗಿಸುತ್ತಿದ್ದೆ. ನನ್ನ ಕಾಲು ನನ್ನ ಮಾತು ಕೇಳದಾಯಿತು. ಹಿಂದೆ ಲೋಕೇಶ ಸಿಳ್ಳೆ ಹಾಕುತ್ತಿದ್ದ. ತುದಿ ಕಾಣುತ್ತಿತ್ತು, ಇನ್ನೆರಡು ಗಂಟೆಯ ದಾರಿ.

ನನಗೆ ಭಯವಾಗುತ್ತಿದೆ ಎನ್ನಬಹುದಿತ್ತು. ಅಷ್ಟು ಹಿಂದಿ ನನಗೆ ಬರುತ್ತಿತ್ತು. ಆದರೆ ಗಾಳಿಯಲ್ಲಿ ಗೈಡಿಗೆ ಕೇಳಲೆಂದು ಗಟ್ಟಿಯಾಗಿ ಹಿಂದಿಯಲ್ಲಿ ನಾನು ಹೇಳಿದ್ದು ಇಷ್ಟು: "ನನ್ನ ಗೆಳೆಯನಿಗೆ ಬೆಳಗ್ಗಿನಿಂದ ಎದೆನೋವು. ಸಂಕೋಚದ ಮನುಷ್ಯ, ಬಾಯಿಬಿಟ್ಟು ಹೇಳುವುದಿಲ್ಲ. ಕೆಳಗೆ ಹೋಗೋಣ." ಸಿಳ್ಳೆ ನಿಂತಿತು. ತಿರುಗಿ ನೋಡಿದರೆ ಲೋಕೇಶ ಹಿಮದ ಮೇಲೆ ಕುಸಿದು ಕೂತು ಎದೆ ಹಿಡಿದುಕೊಂಡಿದ್ದ. ಬಲಗಡೆ. ನನ್ನ ಸುಳ್ಳನ್ನು ದೇವರೇ ನಿಜ ಮಾಡಿಬಿಟ್ಟನೆಂದು ನಡುಗಿಹೋದೆ. ಆದರೆ ನಡುಕಕ್ಕೆ ಮೊದಲು ಬಂದದ್ದು ಸಮಾಧಾನ, ಅದನ್ನು ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತದೆ. ಕೆಳಗೆ ಡೇರೆಗೆ ಬಂದ ಮೇಲೆ ಅವನು ಕಾಫಿ ಮಾಡಿ ಮೊದಲ ಲೋಟ ನನಗೇ ಕೊಟ್ಟ.

ಊರಿಗೆ ಬಂದವನು ಸುಮ್ಮನಿರಬೇಕಿತ್ತು. ಬೆಳಗಿನ ಪ್ರಾರ್ಥನೆಯಲ್ಲಿ ಮಕ್ಕಳ ಮುಂದೆ ನಿಂತು, ಶಿಖರಕ್ಕಿಂತ ಸ್ನೇಹ ದೊಡ್ಡದು ಎಂದು ಭಾಷಣ ಬಿಗಿದೆ. ಮುಖ್ಯೋಪಾಧ್ಯಾಯರು ಶಾಲು ಹೊದಿಸಿದರು. ಲೋಕೇಶನ ಹೆಂಡತಿ ಸರೋಜಮ್ಮ, ಗಂಡನ ಜೀವ ಉಳಿಸಿದ ಪುಣ್ಯಾತ್ಮನಿಗೆಂದು ಜೇನುತುಪ್ಪ ಕಳಿಸಿದರು. ಗಂಡನನ್ನು ಹಾಸನಕ್ಕೆ ಎಳೆದೊಯ್ದು ಎದೆಯ ಪರೀಕ್ಷೆ ಮಾಡಿಸಿದರು. ಏನೂ ಇಲ್ಲವೆಂದ ಡಾಕ್ಟರನ್ನು ಅವರು ನಂಬಲಿಲ್ಲ, ನನ್ನನ್ನು ನಂಬಿದರು. ಅವನ ಸಾರಿನಲ್ಲಿ ಉಪ್ಪು ಕಡಿಮೆಯಾಯಿತು. ಮರಕ್ಕೆ ಏಣಿ ಹಾಕಿ ಕಾಳುಮೆಣಸು ಕುಯ್ಯುವುದಂತೂ ಪೂರ್ತಿ ಬಂದ್ ಆಯಿತು. ಏಣಿಯ ಮೇಲೆ ಅವನಷ್ಟು ಸಲೀಸಾಗಿ ಓಡಾಡುವವರು ಆ ಸುತ್ತಿನಲ್ಲೇ ಇಲ್ಲ.

ಹೋದ ಫೆಬ್ರವರಿಯಲ್ಲಿ ಒಂದು ಸಂಜೆ ಅವನ ತೋಟಕ್ಕೆ ಹೋದೆ. ಕುಯ್ದ ಕಾಫಿ ಹಣ್ಣನ್ನು ತೂಗುವ ಹೊತ್ತು. ಅಸ್ಸಾಮಿನಿಂದ ಬಂದ ಆಳುಗಳ ನಡುವೆ ನಿಂತು ಲೋಕೇಶ ಹಿಂದಿಯಲ್ಲಿ ಗದರುತ್ತಿದ್ದ, ನಗಿಸುತ್ತಿದ್ದ, ಯಾರದೋ ಮಗುವಿನ ಜ್ವರ ವಿಚಾರಿಸುತ್ತಿದ್ದ. ನನ್ನ ಪಾಸಾದ ಹಿಂದಿಗಿಂತ ಅದು ಎಷ್ಟೋ ಸಲೀಸಾಗಿತ್ತು. ಈಚೆಗೆ ಹಿಂದಿ ಬರದಿದ್ದರೆ ನಮ್ಮ ಕಡೆ ಕಾಫಿ ಹಣ್ಣು ಗಿಡದಲ್ಲೇ ಒಣಗುತ್ತದೆ. ಇದು ಎಲ್ಲರಿಗೂ ಗೊತ್ತು, ಸಮಾಜ ವಿಜ್ಞಾನದ ಮೇಷ್ಟ್ರಿಗೆ ಮಾತ್ರ ಹೊಳೆದಿರಲಿಲ್ಲ. ಪಕ್ಕದ ಚೀಲದ ಮೇಲೆ ಕೂತುಬಿಟ್ಟೆ.

"ನಿಂಗೆ ಹಿಂದಿ ಬರ್ತಿತ್ತೇನೋ?" ಎಂದೆ.

"ಹತ್ ವರ್ಷದಿಂದ ಇವ್ರ್ ಜೊತೆಗೇ ಅಲ್ವೇನೋ. ದಾರೀಲಿ ನೀನು ಖುಷಿಯಾಗಿ ಮಾತಾಡ್ತಿದ್ದೆ, ಯಾಕ್ ಅಡ್ಡ ಬರ್ಲಿ ಅಂತ ಸುಮ್ಕಿದ್ದೆ."

"ಮತ್ತೆ ಆ ಬಿರುಕಿನ ಹತ್ರ?"

"ನಿನ್ ಕಾಲು ನಡುಗ್ತಿದ್ದದ್ದು ಹಗ್ಗದಾಗೇ ಗೊತ್ತಾಗ್ತಿತ್ತು ಕಣೋ. ನಾಳೆ ಮಕ್ಳೆದ್ರಿಗೆ ನಿಂತ್ಕಬೇಕಾದೋನು ನೀನು. ನಂಗೇನು, ಕಾಫಿ ಗಿಡ ಬಂದು ಕೇಳ್ತವಾ? ಬುಟ್ಬುಡು ಮಾರಾಯ."

ಅವನು ಬೈದಿದ್ದರೆ ನಾಲ್ಕು ದಿನ ಮುನಿಸಿಕೊಂಡಾದರೂ ಹಗುರಾಗುತ್ತಿದ್ದೆ. ಅದಕ್ಕೂ ಅವನು ಅವಕಾಶ ಕೊಡಲಿಲ್ಲ. ಅವತ್ತೇ ಸರೋಜಮ್ಮನಿಗೆ ಎಲ್ಲ ಹೇಳಿಬಿಡುವುದೆಂದು ನಿರ್ಧರಿಸಿ ರಾತ್ರಿ ಅವರ ಮನೆಯಲ್ಲೇ ಊಟಕ್ಕೆ ಕೂತೆ. ಅವರು ಗಂಡನಿಗೆ ಸಪ್ಪೆ ಸಾರು ಬಡಿಸಿ, ನನ್ನ ಅಕ್ಕಿ ರೊಟ್ಟಿಗೆ ತುಪ್ಪ ಸುರಿದು ಕೇಳಿದರು: "ಮೆಣಸು ಹಣ್ಣಾಗ್ತೈತೆ ಅಣ್ಣ. ಇವ್ರು ದಿನಾ ಏಣಿ ಹತ್ತೀನಿ ಅಂತಾರೆ. ಕಣ್ಣಾರೆ ನೋಡಿದೋರು ನೀವು, ನೀವೇ ಹೇಳಿ, ಹತ್ಬೋದಾ?"

ಲೋಕೇಶ ತಟ್ಟೆಯನ್ನೇ ನೋಡುತ್ತಿದ್ದ. ನಾನು ಬಾಯಲ್ಲಿದ್ದ ತುತ್ತು ನುಂಗಿದೆ.

"ಹತ್ತಬಹುದಮ್ಮ" ಎಂದೆ. "ಆದರೆ ನಿಧಾನವಾಗಿ."