ನೂಕಬಾರದ ಬಾಗಿಲು

ನಮ್ಮ ಜನಸಂದಣಿ ಸುರಕ್ಷತಾ ನಿರ್ದೇಶನಾಲಯದ ಆವರಣದಲ್ಲಿ ಈವರೆಗೆ ಯಾರೂ ಯಾರನ್ನೂ ನೂಕಿರುವುದಿಲ್ಲ ಎಂಬ ಸಂಗತಿಯನ್ನು ಮೊದಲಿಗೇ ಸಾರ್ವಜನಿಕರ ಗಮನಕ್ಕೆ ತರಬಯಸುತ್ತೇನೆ. ಸಭಾಂಗಣದ ತುರ್ತು ಬಾಗಿಲು ನಮ್ಮತ್ತೆಯವರ ಸಮೇತ ಹೊರಗೆ ಬಿದ್ದ ದಿನವೂ ಯಾರೂ ನೂಕಿರಲಿಲ್ಲ. ಹಾಗಂತ ವರದಿಯಾಗಿದೆ. ವರದಿ ಬರೆದವನು ನಾನೇ ಆದ್ದರಿಂದ ಅನುಮಾನಕ್ಕೆ ಆಸ್ಪದವಿಲ್ಲ.

ನಾನು ಈ ಕಚೇರಿಯ ಪ್ರಕಟಣೆಗಾರ. ಪ್ರಕಟಣೆ ಬರೆಯುವುದು, ಮೇಲಿನವರಿಂದ ತಿದ್ದಿಸಿಕೊಂಡು ಬರುವುದು, ಅರ್ಥವೆಲ್ಲ ಪೂರ್ತಿ ಸೋರಿಹೋದ ಮೇಲೆ ಮೈಕಿನಲ್ಲಿ ಓದುವುದು, ಇಷ್ಟು ನನ್ನ ಕೆಲಸ. ಕಚೇರಿಯವರೆಲ್ಲ ನನ್ನನ್ನು ಮೈಕಪ್ಪ ಅಂತಲೇ ಕರೆಯುತ್ತಾರೆ. ಮನೆಯಲ್ಲಿ ಮಾತ್ರ ನನ್ನ ದನಿ ಅಷ್ಟಾಗಿ ಕೇಳಿಸುವುದಿಲ್ಲ.

ನೂಕುನುಗ್ಗಲು ಅನ್ನುವುದು ಹೊರಗಿನವರಿಗೆ ಒಂದೇ ಪದ. ನಮ್ಮಲ್ಲಿ ಆಡಳಿತದ ಅನುಕೂಲಕ್ಕಾಗಿ ಅದನ್ನು ಎರಡು ವಿಭಾಗ ಮಾಡಲಾಗಿದೆ. ಹಿಂದಿನಿಂದ ತಳ್ಳುವವರು ನೂಕು ವಿಭಾಗಕ್ಕೆ ಸೇರುತ್ತಾರೆ, ಮುಂದಕ್ಕೆ ಹಾಯುವವರು ನುಗ್ಗಲು ವಿಭಾಗಕ್ಕೆ. ಅದಕ್ಕೊಬ್ಬ ಸಾಹೇಬರು, ಇದಕ್ಕೊಬ್ಬ ಮೇಡಂ. ಹಿಂದಿನವನು ನೂಕಿದ್ದಕ್ಕೆ ಮುಂದಿನವನು ನುಗ್ಗಿದರೆ ಅದು ಯಾರ ವ್ಯಾಪ್ತಿ ಅನ್ನುವ ವಿಷಯದಲ್ಲಿ ಇಬ್ಬರ ನಡುವೆ ಮಾತು ನಿಂತು ಬಹಳ ಕಾಲವಾಯಿತು. ಎದುರುಬದುರು ಮೇಜಿನಲ್ಲಿ ಕೂತು ನನ್ನ ಮೂಲಕ ಮಾತಾಡುತ್ತಾರೆ.

ಹೊಸ ನಿರ್ದೇಶಕರು ಬಂದವರೇ, ನೂಕುವುದನ್ನು ಬುಡಸಮೇತ ಕಿತ್ತುಹಾಕಬೇಕು ಅಂತ ಪಣ ತೊಟ್ಟರು. ನನ್ನಿಂದ ಹೀಗೊಂದು ಪ್ರಕಟಣೆ ಓದಿಸಿದರು: "ಈ ಆವರಣದಲ್ಲಿ ನೂಕುವುದು, ನೂಕಿಸುವುದು, ನೂಕಲು ಪ್ರೇರೇಪಿಸುವುದು ಹಾಗೂ ನೂಕಿದಂತೆ ನಟಿಸುವುದನ್ನು ನಿಷೇಧಿಸಲಾಗಿದೆ. ಕೆಟ್ಟು ನಿಂತ ವಾಹನಗಳಿಗೂ ಈ ನಿಯಮ ಅನ್ವಯಿಸುತ್ತದೆ." ಅವತ್ತು ಅಂಗಳದಲ್ಲಿ ನಿಂತ ಕಚೇರಿಯ ಜೀಪು ಇನ್ನೂ ಅಲ್ಲೇ ನಿಂತಿದೆ. ಅದರ ಚಾಲಕ ದಿನಾ ಬಂದು, ಒಳಗೆ ಕೂತು, ಸಂಜೆ ಇಳಿದು ಹೋಗುತ್ತಾನೆ.

ಒಂದು ದಿನ ನುಗ್ಗಲು ಮೇಡಂ ಮುಖದಲ್ಲಿ ಎಂದೂ ಕಾಣದ ಕಳೆ ಕಂಡಿತು.

"ಮೈಕಪ್ಪ, ಅವರಿಗೆ ಹೇಳಿ. ಸಭಾಂಗಣದ ತುರ್ತು ಬಾಗಿಲ ಮೇಲೆ ಏನು ಬರೆದಿದೆ ಅಂತ ಒಂದ್ಸಲ ಹೋಗಿ ನೋಡ್ಕೊಂಡು ಬರೋಕೆ ಹೇಳಿ."

ಹೋಗಿ ನೋಡಿದೆವು. ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ 'ನೂಕಿ' ಅಂತ ಬರೆದಿತ್ತು. ನೂಕು ಸಾಹೇಬರಿಗೆ ಕೈಕಾಲೇ ಆಡಲಿಲ್ಲ. ಕೂಡಲೇ ತುರ್ತು ಸಭೆ ಸೇರಿತು.

"ಅಂದ್ರೆ ನಮ್ಮ ಬಾಗಿಲೇ ಜನಕ್ಕೆ ನೂಕಿ ಅಂತ ಹೇಳ್ಕೊಡ್ತಿದೆಯೇನ್ರೀ?" ಅಂದರು ನಿರ್ದೇಶಕರು.

"ಹೌದು ಸಾರ್. ಕೆಂಪಕ್ಷರದಲ್ಲಿ," ಅಂದೆ.

"ಬಹುವಚನ ಬೇರೆ!"

"ಗೌರವಕ್ಕೆ ಸಾರ್."

'ತಳ್ಳಿ' ಅಂತ ಬರೆಸಿದರೆ ಹೇಗೆ ಅಂತ ನಾನು ಸೂಚಿಸಿದೆ. ತಳ್ಳುವುದು ನೂಕುವುದರ ಸಮಾನಾರ್ಥಕವಾದ್ದರಿಂದ ಅದೂ ತಮ್ಮ ವಿಭಾಗದ ಅಪರಾಧವೇ ಆಗುತ್ತದೆ ಅಂತ ನೂಕು ಸಾಹೇಬರು ತಳ್ಳಿಹಾಕಿದರು. ತಳ್ಳಿಹಾಕಿದ್ದಕ್ಕೆ ಕ್ಷಮೆಯನ್ನೂ ಕೇಳಿದರು. ಕೊನೆಗೆ ನಿರ್ದೇಶಕರೇ ದಾರಿ ಕಂಡುಹಿಡಿದರು.

"ಎಳೆಯಿರಿ ಅಂತ ಬರೆಸಿ. ಎಳೆಯೋದರ ಮೇಲೆ ನಮ್ಮಲ್ಲಿ ಯಾವ ನಿಷೇಧವೂ ಇಲ್ಲ."

"ಸಾರ್, ಆ ಬಾಗಿಲು ಹೊರಕ್ಕೆ ತೆರೆಯುತ್ತೆ. ಎಳೆದರೆ ಬರಲ್ಲ," ಅಂದೆ.

ಮೂಲೆಯಲ್ಲಿ ಟೀ ಕುಡಿಯುತ್ತಿದ್ದ ಗುತ್ತಿಗೆದಾರ ಲೋಟ ಕೆಳಗಿಟ್ಟ. ಇವನು ನಿರ್ದೇಶಕರ ಹೆಂಡತಿಯ ತಮ್ಮ. ಕಚೇರಿಯ ಕಟ್ಟಡದ ಕೆಲಸವೆಲ್ಲ ಇವನಿಗೇ. "ಅದಕ್ಕೇನಂತೆ ಭಾವ, ಬಾಗಿಲನ್ನೇ ತಿರುಗಿಸಿ ಹಾಕಿಬಿಡೋಣ. ಚೌಕಟ್ಟು ಸಮೇತ. ಒಳಕ್ಕೆ ತೆರ್ಕೊಳ್ಳುತ್ತೆ. ನಿಮ್ಮ ಬೋರ್ಡಿಗೂ ಬಾಗಿಲಿಗೂ ತಾಳೆಯಾಗುತ್ತೆ."

ಬೋರ್ಡಿಗೂ ಬಾಗಿಲಿಗೂ ತಾಳೆಯಾಗುವುದು ಮುಖ್ಯ ಅಂತ ಎಲ್ಲರೂ ಒಪ್ಪಿದರು. ನಾನೂ ಒಪ್ಪಿದೆ. ಗುತ್ತಿಗೆದಾರ ವಾರದೊಳಗೆ ಕೆಲಸ ಮುಗಿಸಿದ. ಚೌಕಟ್ಟನ್ನು ಗೋಡೆಗೆ ಹಿಡಿದಿಡುವ ಸ್ಕ್ರೂಗಳು ಉದ್ದ ಇರಬೇಕಾಗಿತ್ತು, ಬಿಲ್ಲಿನಲ್ಲಿ ಉದ್ದವಾಗಿಯೇ ಇದ್ದವು. ಮಿಕ್ಕ ಮರಳನ್ನು ಬಾಗಿಲ ಆಚೆ ಗುಡ್ಡೆ ಹಾಕಿ, ನಾಳೆ ಎತ್ತಿಸುತ್ತೇನೆ ಅಂತ ಹೇಳಿ ಹೋದವನು ಆ ಕಡೆ ತಲೆ ಹಾಕಲಿಲ್ಲ.

ಅದಾದ ಮೇಲೆ 'ಜನಸಂದಣಿಯಲ್ಲಿ ಸುರಕ್ಷಿತವಾಗಿರುವುದು ಹೇಗೆ' ಅನ್ನುವ ಸಮಾವೇಶ ನಿಗದಿಯಾಯಿತು. ಮಂತ್ರಿಗಳು ಬರುವವರಿದ್ದರು. ಜನಸಂದಣಿಯೇ ಇಲ್ಲದೆ ಜನಸಂದಣಿಯ ಬಗ್ಗೆ ಹೇಳುವುದು ಹೇಗೆ? ಆದ್ದರಿಂದ ಪ್ರತಿಯೊಬ್ಬ ನೌಕರನೂ ಮನೆಮಂದಿಯನ್ನು ಕರೆತರತಕ್ಕದ್ದು ಅಂತ ಆದೇಶ ಹೊರಟಿತು. ನನ್ನ ಹೆಂಡತಿಗೆ ಅವತ್ತು ಅವಳ ಕಚೇರಿಯಲ್ಲಿ ರಜೆ ಸಿಗಲಿಲ್ಲ. ಉಳಿದವರು ಅತ್ತೆ.

"ಅಮ್ಮನಿಗೆ ಮಂಡಿನೋವು ಕಣ್ರೀ. ಯಾಕ್ರೀ ಅವರನ್ನ ಎಳ್ಕೊಂಡು ಹೋಗ್ತೀರಿ?"

ಎಳೆಯುವುದಕ್ಕೆ ನಿಷೇಧವಿಲ್ಲ ಅಂತ ಬಾಯಿತನಕ ಬಂತು, ನುಂಗಿಕೊಂಡೆ.

"ಕುರ್ಚಿ ಹಾಕಿರ್ತಾರಾ ಅಳಿಯಂದ್ರೇ?" ಅತ್ತೆ ಒಳಗಿನಿಂದಲೇ ಕೇಳಿದರು.

"ಹಾಕಿರ್ತಾರೆ ಅತ್ತೆ."

"ಒರಗೋಕೆ ಆಗುತ್ತಾ?"

"ಆರಾಮಾಗಿ ಒರಗಬಹುದು."

ಅತ್ತೆ ಹೊಸ ಚಪ್ಪಲಿ ಹಾಕಿಕೊಂಡು ಹೊರಟರು. ಹೆಂಡತಿ ಹೊಸ್ತಿಲಲ್ಲಿ ನನ್ನ ಅಂಗಿಯ ತೋಳು ಹಿಡಿದು, "ಇಡಿಯಾಗಿ ಕರ್ಕೊಂಡು ಹೋಗ್ತಿದೀರ, ಇಡಿಯಾಗೇ ವಾಪಸ್ ಕರ್ಕೊಂಡು ಬನ್ನಿ. ಇಲ್ಲಾಂದ್ರೆ ನೀವೂ ಬರ್ಬೇಡಿ," ಅಂದಳು. ನಕ್ಕಳು, ಆದರೆ ತೋಳು ತಕ್ಷಣ ಬಿಡಲಿಲ್ಲ.

ಮುಂದಿನ ಸಾಲುಗಳೆಲ್ಲ ಗಣ್ಯರಿಗೆ ಮೀಸಲು. ನಾನು ಬುದ್ಧಿ ಓಡಿಸಿ ಅತ್ತೆಯನ್ನು ಸಭಾಂಗಣದ ಹಿಂಭಾಗದಲ್ಲಿ, ತುರ್ತು ಬಾಗಿಲಿಗೇ ಕುರ್ಚಿಯ ಬೆನ್ನು ತಾಗುವಂತೆ ಕೂರಿಸಿದೆ. "ಇಡೀ ಸಭಾಂಗಣದಲ್ಲಿ ಇದಕ್ಕಿಂತ ಸುರಕ್ಷಿತ ಜಾಗ ಇಲ್ಲ ಅತ್ತೆ."

ಅತ್ತೆ ತಿರುಗಿ ಬೋರ್ಡು ಓದಿದರು. "ಎಳೆದ್ರೆ ನನ್ನ ಮೇಲೇ ಬರುತ್ತಲ್ಲ ಇದು?"

"ತುರ್ತು ಸಂದರ್ಭ ಬಂದ್ರೆ ತಾನೇ ಎಳೆಯೋದು?"

"ಬಂದ್ರೆ?"

"ಅಣಕು ಹೊಗೆ ಒಂದಿದೆ ಅತ್ತೆ. ಅದು ಮಂತ್ರಿಗಳ ಭಾಷಣ ಆದ ಮೇಲೆ. ಬೇರೇನೂ ಇವತ್ತಿನ ಕಾರ್ಯಕ್ರಮದಲ್ಲಿ ಇಲ್ಲ."

ಮಂತ್ರಿಗಳು ಬರುವ ಮೊದಲೇ ಜನ ಎದ್ದುಹೋದರೆ ಅಗೌರವವಾಗುತ್ತದಲ್ಲ, ಅದಕ್ಕೆ ಮುಂಬಾಗಿಲಿಗೆ ಹೊರಗಿನಿಂದ ಬೀಗ ಹಾಕಲಾಯಿತು. ಬೀಗದ ಕೈ ಸ್ವಾಗತ ಸಮಿತಿಯವರ ಹತ್ತಿರ ಇತ್ತು. ಸ್ವಾಗತ ಸಮಿತಿಯವರು ಮಂತ್ರಿಗಳನ್ನು ಎದುರುಗೊಳ್ಳಲು ದೊಡ್ಡ ರಸ್ತೆಗೆ ಹೋಗಿದ್ದರು.

ನಿರ್ದೇಶಕರು "ಸಮಾಧಾನ, ಸಂಯಮ, ಸಾಲು" ಅಂತ ಭಾಷಣ ಮಾಡುತ್ತಿರುವಾಗ ವೇದಿಕೆಯ ಪಕ್ಕದ ಧ್ವನಿಪೆಟ್ಟಿಗೆಯಿಂದ ಹೊಗೆ ಎದ್ದಿತು. ಜನ ಚಪ್ಪಾಳೆ ತಟ್ಟಿದರು. ನಿರ್ದೇಶಕರು ಮೈಕಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ಬಾಗಿದರು.

"ಮೈಕಪ್ಪ, ಹೊಗೆ ಯಾಕ್ರೀ ಮುಂಚೇನೇ ಬಂತು?"

"ಸಾರ್, ಇದು ನಮ್ಮ ಹೊಗೆ ಅಲ್ಲ. ನಮ್ಮ ಹೊಗೆಯವನು ಆಚೆ ಟೀ ಕುಡೀತಿದ್ದಾನೆ."

"ಹಾಗಾದ್ರೆ ಇದು ಅನಧಿಕೃತ ಹೊಗೆ. ಇದಕ್ಕೆ ಯಾರೂ ಓಡಬೇಕಾದ ಅಗತ್ಯ ಇಲ್ಲ ಅಂತ ಹೇಳಿಬಿಡಿ."

ಹೇಳುವಷ್ಟರಲ್ಲಿ ಧ್ವನಿಪೆಟ್ಟಿಗೆಯಿಂದ ಬೆಂಕಿಯ ನಾಲಗೆ ಹೊರಬಂತು. ಚಪ್ಪಾಳೆ ನಿಂತಿತು. ಕುರ್ಚಿಗಳು ಉರುಳಿದವು. ಮುಂಬಾಗಿಲು ತೆರೆಯದ್ದನ್ನು ಕಂಡ ಜನ ಹೋ ಅಂತ ತಿರುಗಿ ತುರ್ತು ಬಾಗಿಲಿಗೆ ಮುಗಿಬಿದ್ದರು. ಒಳಕ್ಕೆ ತೆರೆಯಬೇಕಾದ ಬಾಗಿಲು ಅಷ್ಟು ಜನ ಒತ್ತಿ ನಿಂತರೆ ಹೇಗೆ ತೆರೆದೀತು? ಅತ್ತೆ ಕಾಣಿಸುತ್ತಿರಲಿಲ್ಲ. ತಲೆಗಳ ಮೇಲೆ ಅವರ ಕೈಚೀಲ ಮಾತ್ರ ಕಾಣಿಸುತ್ತಿತ್ತು.

"ಮೈಕಪ್ಪ, ಅವರಿಗೆ ಹೇಳಿ," ನೂಕು ಸಾಹೇಬರು ಕೆಮ್ಮುತ್ತಾ ಅಂದರು. "ಇದು ಸ್ಪಷ್ಟವಾಗಿ ನುಗ್ಗಲು."

"ಹಿಂದಿನ ಸಾಲು ನೂಕ್ತಿರೋದು ಕಣ್ಣಿಗೆ ಕಾಣ್ತಿಲ್ವಾ ಅಂತ ಕೇಳಿ ಮೈಕಪ್ಪ!" ನುಗ್ಗಲು ಮೇಡಂ ಮೂಗು ಮುಚ್ಚಿಕೊಂಡೇ ಅಂದರು.

ಮದುವೆಯಾದ ಹೊಸದರಲ್ಲಿ ನನಗೆ ಅತ್ತೆ ಅಂದರೆ ಬರೀ ಭಯ. ಆಮೇಲೆ, ಜ್ವರ ಬಂದಾಗೆಲ್ಲ ಹೆತ್ತ ತಾಯಿಯ ಹಾಗೆ ನೋಡಿಕೊಂಡವರು ಅವರೇ. ನಾನು ಯಾರ ಒಪ್ಪಿಗೆಗೂ ಕಾಯದೆ ಕೈಮೈಕು ಕಿತ್ತುಕೊಂಡು ಕೂಗಿದೆ: "ಹಿಂದೆ ಹೋಗಿ! ಎಲ್ಲರೂ ಹಿಂದೆ ಹೋಗಿ!"

ಬಾಗಿಲು ಬಿಟ್ಟು ಹಿಂದೆ ಸರಿಯಿರಿ ಅನ್ನುವುದು ನನ್ನ ಅರ್ಥ. ಆದರೆ ಬಾಗಿಲು ಇದ್ದದ್ದೇ ಸಭಾಂಗಣದ ಹಿಂದೆ. ಅದುವರೆಗೆ ಕೂತೇ ಇದ್ದ ಗಣ್ಯರೂ ಎದ್ದು ಹಿಂದೆ ಹೋದರು. ನಾನು ಓದಿದ ಪ್ರಕಟಣೆಗಳಲ್ಲಿ ಜನ ಒಮ್ಮತದಿಂದ ಪಾಲಿಸಿದ್ದು ಇದೊಂದನ್ನೇ.

ಆ ಗದ್ದಲದೊಳಗಿಂದ ಅತ್ತೆಯ ದನಿ ಕೇಳಿಸಿತು. "ಅಳಿಯಂದ್ರೇ! ಒರಗಬಹುದು ಅಂದಿದ್ರಲ್ಲಾ! ಒರಗ್ತಿದೀನಿ ನೋಡಿ!"

ಲಟಕ್ ಅಂತ ಶಬ್ದವಾಯಿತು. ಬಾಗಿಲು ತೆರೆಯಲಿಲ್ಲ, ಚೌಕಟ್ಟು ಸಮೇತ ಹೊರಕ್ಕೆ ಮಲಗಿತು. ಅತ್ತೆ ಕುರ್ಚಿಯ ಜೊತೆ ಮರಳಗುಡ್ಡೆಯ ಮೇಲೆ ಬಿದ್ದು, ಅಲ್ಲಿಂದ ಪಕ್ಕಕ್ಕೆ ಜಾರಿ, ಯಾರ ಕಾಲಿಗೂ ಸಿಗದ ಹಾಗೆ ಗೋಡೆ ಬದಿಗೆ ಹೋಗಿ ಕೂತರು. ಜನ ಬಾಗಿಲ ಮೇಲೆ ನಡೆದುಕೊಂಡು ಹೊರಗೆ ಬಂದರು. ಬೆಂಕಿ ಧ್ವನಿಪೆಟ್ಟಿಗೆಯಿಂದಾಚೆ ಹಬ್ಬದೆ ತಾನೇ ಆರಿತು. ತರಚುಗಾಯ ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ.

ನಾನು ಓಡಿಹೋಗಿ ಅತ್ತೆಯ ಕೈ, ಕಾಲು, ತಲೆ ಎಲ್ಲ ಮುಟ್ಟಿ ನೋಡಿದೆ. "ಏನಾದ್ರೂ ಹೋಯ್ತಾ ಅತ್ತೆ?"

"ಒಂದು ಚಪ್ಪಲಿ ಹೋಯ್ತು."

ನನಗೆ ಅಳು ತಡೆಯಲಾಗಲಿಲ್ಲ. "ಚಪ್ಪಲಿ ಹಾಳಾಗಿ ಹೋಗ್ಲಿ ಬಿಡಿ ಅತ್ತೆ!"

"ಹೊಸದು ಅದು," ಅಂದರು ಅತ್ತೆ.

ವಿಚಾರಣೆ ನಡೆಯಿತು. ಬಾಗಿಲಿಗೆ ಅತ್ಯಂತ ಹತ್ತಿರವಿದ್ದವರು ಅತ್ತೆಯಾದ್ದರಿಂದ ನೂಕು ವಿಭಾಗದ ಸಂಶಯ ಅವರ ಮೇಲೇ ಬಂತು. "ನಾನ್ಯಾಕಪ್ಪಾ ನೂಕ್ಲಿ? ಒರಗಿದೆ ಅಷ್ಟೆ," ಅಂದರು ಅತ್ತೆ. ಒರಗುವುದಕ್ಕೆ ನಿಷೇಧವಿಲ್ಲ. ಬಾಗಿಲು 'ಒರಗುವಿಕೆಯ ಕಾರಣದಿಂದ ಸ್ವಯಂ ಮಲಗಿರುತ್ತದೆ' ಅಂತ ನಾನು ವರದಿ ಬರೆದೆ. ಇಷ್ಟೊಂದು ಜೀವ ಉಳಿಸಿದ್ದು ಏನು ಅನ್ನುವುದೂ ವಿಚಾರಣೆಯಲ್ಲಿ ಹೊರಬಿತ್ತು: ಗಿಡ್ಡ ಸ್ಕ್ರೂ ಮತ್ತು ಎತ್ತದೆ ಬಿಟ್ಟ ಮರಳು. "ಉದ್ದ ಸ್ಕ್ರೂ ಹಾಕಿದ್ದಿದ್ರೆ ಏನು ಗತಿಯಾಗ್ತಿತ್ತು ಯೋಚನೆ ಮಾಡಿ," ಅಂದರು ನಿರ್ದೇಶಕರು. ಎಲ್ಲರೂ ಯೋಚನೆ ಮಾಡಿ ನಡುಗಿದರು. ಗುತ್ತಿಗೆದಾರನಿಗೆ 'ಜೀವರಕ್ಷಕ' ಫಲಕ ಕೊಡಲಾಯಿತು. ಬಾಗಿಲು ಯಾವ ಕಡೆಗೆ ತೆರೆಯಬೇಕಿತ್ತು ಅನ್ನುವುದು ವಿಚಾರಣೆಯ ವ್ಯಾಪ್ತಿಗೆ ಬರಲಿಲ್ಲ.

ತೊಂದರೆ ಶುರುವಾಗಿದ್ದು ಆ ಫಲಕದಿಂದ. ಗುತ್ತಿಗೆದಾರ ಅದನ್ನು ಎದೆಗವುಚಿಕೊಂಡು ಗಳಗಳ ಅತ್ತ. "ನನ್ನ ಕೆಲಸಾನ ಇದುವರೆಗೂ ಒಬ್ಬರೂ ಹೊಗಳಿರ್ಲಿಲ್ಲ ಭಾವ. ಇನ್ಮೇಲೆ ನಾನು ಕಳಪೆ ಕೆಲಸ ಮಾಡಲ್ಲ." ಯಾರು ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ಮರಳು ಎತ್ತಿಸಿದ. ಕಬ್ಬಿಣದ ಚೌಕಟ್ಟು, ಕಬ್ಬಿಣದ ಬಾಗಿಲು, ಮೊಳದುದ್ದ ಬೋಲ್ಟು ಹಾಕಿದ. ಅದೂ ಒಳಕ್ಕೇ ತೆರೆಯುತ್ತಿತ್ತು, ಅದರ ಮೇಲೂ 'ಎಳೆಯಿರಿ' ಅಂತಲೇ ಬರೆದಿತ್ತು. "ಆನೆ ಬಂದು ಒರಗಿದ್ರೂ ಅಲ್ಲಾಡಲ್ಲ," ಅಂದ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ತಟ್ಟುತ್ತಲೇ ಬೋಲ್ಟುಗಳನ್ನು ಎಣಿಸಿದೆವು.

ಮುಂದಿನ ಸಮಾವೇಶ ನಿಗದಿಯಾಯಿತು. ಮನೆಮಂದಿ ಬರತಕ್ಕದ್ದು. ಅತ್ತೆಗೆ ಅದೇ ಜಾಗದಲ್ಲಿ ಗೌರವದ ಕುರ್ಚಿ.

"ಬೇಡ ಅತ್ತೆ, ಹುಷಾರಿಲ್ಲ ಅಂತ ಹೇಳ್ತೀನಿ," ಅಂದೆ.

"ಚೆನ್ನಾಗಿದೆ! ವಿಶೇಷ ಆಹ್ವಾನಿತೆ ಅಂತ ಅಚ್ಚು ಹಾಕಿಸಿದಾರೆ, ಹೋಗ್ದೆ ಇರೋಕಾಗುತ್ತಾ?" ಅತ್ತೆ ಕೈಚೀಲ ಹತ್ತಿರಕ್ಕೆ ಎಳೆದುಕೊಂಡರು. "ಮನೇಲಿ ಸ್ಪ್ಯಾನರ್ ಇದೆಯಾ?"

ಸಮಾವೇಶದ ಹಿಂದಿನ ದಿನ ಊಟದ ಬಿಡುವಿನಲ್ಲಿ ಅತ್ತೆಯನ್ನು ಕರೆದುಕೊಂಡು ಸಭಾಂಗಣಕ್ಕೆ ಹೋದೆ. ಸ್ಪ್ಯಾನರು ಅವರ ಕೈಚೀಲದಲ್ಲಿತ್ತು. ಯಾರಾದರೂ ಬಂದರೆ ಕೆಮ್ಮುತ್ತೇನೆ ಅಂತ ಹೇಳಿದವರು ಒಳಗೆ ಕಾಲಿಡುವ ಮೊದಲೇ ಕೆಮ್ಮಿದರು. ನೂಕು ಸಾಹೇಬರು ಬಾಗಿಲ ಕಡೆಯಿಂದ ಬರುತ್ತಿದ್ದರು. ನಡೆದಂತೆಲ್ಲ ಅವರ ಪ್ಯಾಂಟಿನ ಜೇಬು ಕಣಕಣ ಅನ್ನುತ್ತಿತ್ತು.

"ಏನಿಲ್ಲ... ನಾಳೆ ನಮ್ಮನೆಯವರೂ ಬರ್ತಿದಾರೆ," ಅಂದರು.

ಅವರ ಹಿಂದೆಯೇ ನುಗ್ಗಲು ಮೇಡಂ ಬಂದರು. ವ್ಯಾನಿಟಿ ಬ್ಯಾಗಿನ ಭಾರಕ್ಕೆ ಭುಜ ವಾಲಿತ್ತು. ನನ್ನ ಕಣ್ಣೆದುರಿಗೇ, ಎಷ್ಟೋ ಕಾಲದ ಮೇಲೆ, ಇಬ್ಬರೂ ನೇರವಾಗಿ ಮಾತಾಡಿದರು.

"ಮೇಲಿನ ಬೋಲ್ಟು ನೀವು ತೆಗೆದ್ರಾ?" ಅಂದರು ಸಾಹೇಬರು.

"ಇಲ್ಲಪ್ಪಾ, ನಾನು ತೆಗೆದಿದ್ದು ಕೆಳಗಿಂದು. ಮೇಲಿಂದು ನೀವಲ್ವಾ?"

ಆಗ ಪರದೆಯ ಹಿಂದಿನಿಂದ ನಿರ್ದೇಶಕರು ಕರವಸ್ತ್ರದಲ್ಲಿ ಕೈಗೆ ಮೆತ್ತಿದ ಗ್ರೀಸು ಒರೆಸಿಕೊಳ್ಳುತ್ತಾ ಬಂದರು. ಅವರಿಗೂ ಹೆಂಡತಿ ಮಕ್ಕಳಿದ್ದಾರೆ.

ನಾನು ಬಾಗಿಲ ಹತ್ತಿರ ಹೋಗಿ ನೋಡುತ್ತೇನೆ, ನನ್ನ ಪಾಲಿಗೆ ಒಂದು ಬೋಲ್ಟೂ ಉಳಿದಿರಲಿಲ್ಲ. ಅಷ್ಟು ದೊಡ್ಡ ಕಬ್ಬಿಣದ ಬಾಗಿಲು ಬರೀ ಮರ್ಯಾದೆಗೆ ನಿಂತಿತ್ತು.

ಈ ವಿಷಯವನ್ನು ನಾವ್ಯಾರೂ ಹೊರಗೆ ಬಿಟ್ಟುಕೊಡಲಿಲ್ಲ. ಯಾರಿಗೂ ಹೇಳಬೇಡಿ ಅಂತ ಮನೆಯವರಿಗಷ್ಟೇ ಹೇಳಿದೆವು. ಮಾರನೇ ದಿನ ಮುಂದಿನ ಸಾಲುಗಳು ಖಾಲಿ ಬಿದ್ದಿದ್ದವು, ಹಿಂದೆ ಮಾತ್ರ ಕಾಲಿಡಲು ಜಾಗವಿರಲಿಲ್ಲ. ಮಂತ್ರಿಗಳು ಈ ಸಲ ನಿಜವಾಗಿಯೂ ಬಂದರು. ಗುತ್ತಿಗೆದಾರ ಅವರನ್ನು ನೇರ ಬಾಗಿಲ ಹತ್ತಿರವೇ ಕರೆತಂದ.

"ಎಷ್ಟು ಗಟ್ಟಿಯಾಗಿದೆ ಅಂತ ಒಂದ್ಸಲ ನೂಕಿ ನೋಡಿ ಸಾರ್."

ಮಂತ್ರಿಗಳು ಕೈ ಎತ್ತಿದರು.

"ನೂಕಬಾರದು!" ಅಂತ ಇಡೀ ಸಭಾಂಗಣ ಒಂದೇ ದನಿಯಲ್ಲಿ ಚೀರಿತು.

ಮಂತ್ರಿಗಳು ಕೈ ಹಿಂದಕ್ಕೆ ತೆಗೆದುಕೊಂಡರು. ಅವರ ಕಣ್ಣಲ್ಲಿ ನೀರಾಡಿತು. ಜನರಲ್ಲಿ ಇಷ್ಟೊಂದು ಸುರಕ್ಷತಾ ಪ್ರಜ್ಞೆಯನ್ನು ತಾವು ಬೇರೆಲ್ಲೂ ಕಂಡಿಲ್ಲ, ಇಂಥ ಬಾಗಿಲು ಎಲ್ಲ ಸಭಾಂಗಣಗಳಿಗೂ ಬರಬೇಕು ಅಂತ ಅಲ್ಲೇ ಘೋಷಿಸಿದರು. ಗುತ್ತಿಗೆದಾರ ಕೈ ಮುಗಿದ. ಎಲ್ಲರೂ ಚಪ್ಪಾಳೆ ತಟ್ಟಿದರು, ಬಾಗಿಲ ಹತ್ತಿರ ಇದ್ದವರು ಮೆಲ್ಲಗೆ ತಟ್ಟಿದರು.

ಒರಗುವ ಕುರ್ಚಿಯಲ್ಲಿ ಅತ್ತೆ ಒರಗದೆ ನೆಟ್ಟಗೆ ಕೂತಿದ್ದರು. ನಾನು ಮೈಕು ಆರಿಸಿ, ಹತ್ತಿರ ಹೋಗಿ, ಕಿವಿಯಲ್ಲಿ ಹೇಳಿದೆ:

"ಅತ್ತೆ, ದಮ್ಮಯ್ಯ, ಸೀನಬೇಡಿ."