ಅಗ್ನಿಕುಂಡದಿಂದ ಎದ್ದ ಮೂರು ದಿನ

ರಜಪೂತನ ಶತ್ರುಗಳೆಲ್ಲ ಕೋಟೆಯ ಹೊರಗಿರುತ್ತಾರೆ ಎಂದು ಚರಿತ್ರೆ ಬರೆಯುವವರು ಹೇಳುತ್ತಾರೆ. ಅವರಲ್ಲಿ ಒಬ್ಬರಾದರೂ ನಮ್ಮ ಮನೆಗೆ ಬಂದು ಒಂದು ಹೊತ್ತು ಊಟ ಮಾಡಿದವರಲ್ಲ.

ನನ್ನ ಹೆಸರು ಜಾಲಿಂ ಸಿಂಗ್. ಹಿಂದೂಸ್ತಾನಿಯಲ್ಲಿ ಜಾಲಿಂ ಎಂದರೆ ಕ್ರೂರಿ, ದಯೆದಾಕ್ಷಿಣ್ಯವಿಲ್ಲದವನು ಎಂದು ಅರ್ಥ. (ಈ ಅರ್ಥವನ್ನು ನನ್ನ ಹೆಂಡತಿ ತುಳಸಾಬಾಯಿಗೆ ಹೇಳಿದ ದಿನ ಅವಳು ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆಗೆ ಓಡಿದವಳು ಅರ್ಧ ಗಂಟೆ ಹೊರಗೆ ಬರಲಿಲ್ಲ.) ಮಂಡಿ ಮೊಹಲ್ಲಾದ ಜನಕ್ಕೆ ಅಷ್ಟು ದೊಡ್ಡ ಹೆಸರು ನಾಲಿಗೆಯಲ್ಲಿ ಹೊರಳದೆ, 'ಜಾಲಿ ಮೇಷ್ಟ್ರು' ಎಂದು ಮುಳ್ಳುಮರದ ಲೆಕ್ಕದಲ್ಲಿ ಕರೆಯುತ್ತಾರೆ. ಮಿಡ್ಲ್ ಸ್ಕೂಲಿನಲ್ಲಿ ನಾನು ಡ್ರಿಲ್ ಮೇಷ್ಟ್ರು. ನಮ್ಮ ಹಿರಿಯರು ಯಾವುದೋ ಕಾಲದಲ್ಲಿ, ಯಾವುದೋ ಸೈನ್ಯದ ಜೊತೆ ಉತ್ತರದಿಂದ ಮೈಸೂರಿಗೆ ಬಂದು ನಿಂತವರು. ಯಾವ ಊರಿನಿಂದ ಬಂದರು, ಯಾಕೆ ನಿಂತರು, ರಜಪೂತರ ನೂರಾರು ಕುಲಗಳಲ್ಲಿ ನಮ್ಮದು ಯಾವುದು, ಇದೊಂದೂ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೂ ಮಧ್ಯಾಹ್ನ ರಾಗಿಮುದ್ದೆ, ಸಾಯಂಕಾಲ ಮೀಸೆಗೆ ಎಣ್ಣೆ ಎಂದು ಸಂಸಾರ ಸುಗಮವಾಗಿಯೇ ಸಾಗಿತ್ತು.

ಖಾನೇಷುಮಾರಿಯವರು ಮನೆಮನೆಗೆ ಬಂದು ತಲೆ ಎಣಿಸಿಕೊಂಡು ಹೋದ ವರ್ಷ, ನಮ್ಮ ಮಗಳು ಕಮಲಳಿಗೆ ಬೆಂಗಳೂರಿನ ಒಂದು ಸಂಬಂಧ ಬಂತು. ಹುಡುಗ ರೈಲ್ವೆಯಲ್ಲಿ ಗಾರ್ಡು. ತಂದೆ ಪಿಂಚಣಿ ಪಡೆದ ಸುಬೇದಾರ್ ದುರ್ಜನ್ ಸಿಂಗ್. (ಹೆಸರು ನೋಡಿ ಹೆದರಬೇಡಿ, ನಮ್ಮವರಲ್ಲಿ ಹೆಸರಿಗೂ ಮನುಷ್ಯನಿಗೂ ಸಂಬಂಧವಿರುವುದಿಲ್ಲ, ನನ್ನನ್ನೇ ನೋಡಿ.) ಕಮಲ ಆ ಹುಡುಗನನ್ನು ಒಂದು ಮದುವೆಮನೆಯಲ್ಲಿ ಕಂಡಿದ್ದಳು. ಆಮೇಲಿಂದ ದೂರದಲ್ಲಿ ರೈಲಿನ ಸಿಳ್ಳು ಕೇಳಿದರೆ ಸಾಕು, ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು.

ಸುಬೇದಾರರ ಕಾಗದ ಬಂತು: "ಭಾನುವಾರ ಹುಡುಗಿ ನೋಡಲು ಬರುತ್ತೇವೆ. ತಮ್ಮ ಕುಲ ಯಾವುದು, ಮೂಲಸ್ಥಾನ ಎಲ್ಲಿ, ದಕ್ಷಿಣಕ್ಕೆ ವಲಸೆ ಬಂದದ್ದು ಹೇಗೆ ಎಂಬುದನ್ನು ತಿಳಿಸತಕ್ಕದ್ದು. ಕುಲ ತಿಳಿಯದವರ ಮನೆಯಲ್ಲಿ ನಾವು ನೀರು ಕುಡಿಯುವುದಿಲ್ಲ."

ಓದಿ ನನ್ನ ರಕ್ತ ಕುದಿಯಿತು.

"ಎಷ್ಟು ಧಿಮಾಕು! ನನ್ನ ಮೂಲ ಕೇಳೋದಕ್ಕೆ ಇವನ್ಯಾರು?"

"ಹೆಣ್ಣು ಕೇಳೋರು ಕುಲ ಕೇಳ್ತಾರೆ ಕಣ್ರೀ, ಅದರಲ್ಲಿ ತಪ್ಪೇನು?" ಎಂದಳು ತುಳಸಾಬಾಯಿ. "ನೀವೂ ಒಂದು ಕಾರ್ಡು ಹಾಕಿ, ಅವರದ್ಯಾವ ಕುಲ ಅಂತ ಮೊದಲು ತಿಳ್ಕೊಳ್ಳಿ."

"ನಾನು ಕೇಳೋದೇ? ಮೊದಲು ಕೇಳಿದೋನು ಮೊದಲು ತಲೆ ಬಗ್ಗಿಸಿದ ಹಾಗೆ. ಇದು ಗಂಡಸರ ವಿಷಯ, ನೀನು ಸುಮ್ನಿರು!"

ಅವಳು ಸುಮ್ಮನಾದಳು. ಇಪ್ಪತ್ತೆರಡು ವರ್ಷಗಳಲ್ಲಿ ನನ್ನ ಆಜ್ಞೆಯನ್ನು ಅವಳು ಅಕ್ಷರಶಃ ಪಾಲಿಸಿದ್ದು ಅದೊಂದೇ ಸಲ. 'ಎಲ್ಲವನ್ನೂ ಸಮಕ್ಷಮದಲ್ಲಿ ಅರುಹಲಾಗುವುದು' ಎಂದು ಸುಬೇದಾರರಿಗೆ ಗಡುಸಾಗಿ ಉತ್ತರ ಬರೆದು ಹಾಕಿದೆ.

ಬರೆದದ್ದೇನೋ ಬರೆದೆ. ಅರುಹುವುದು ಏನನ್ನು? ಆ ಚಿಂತೆಯಲ್ಲೇ ಇದ್ದಾಗ, ಗುರುವಾರ ಬೆಳಿಗ್ಗೆ, ಪಕ್ಕದ ಬೇಳೆಕಾಳು ಮಂಡಿಯ ಸದಾಶಿವಯ್ಯನವರು ಜಗಲಿಗೆ ಬಂದರು.

"ಮೇಷ್ಟ್ರೇ, ಛತ್ರದಲ್ಲಿ ಯಾರೋ ಉತ್ತರದೇಶದ ಭಾಟ ಬಂದು ಇಳಿದವ್ನೆ. ಕೆಂಪು ಮುಂಡಾಸು, ಕಂಕುಳಲ್ಲಿ ಚಾಪೆ ಅಷ್ಟುದ್ದದ ಪುಸ್ತಕ. ನಿಮ್ಮೋರ ವಂಶಾವಳಿಯೆಲ್ಲ ಅದರಲ್ಲೈತಂತೆ."

ದೇವರು ಕಣ್ಣು ಬಿಟ್ಟ ಎಂದುಕೊಂಡು ಓಡಿಹೋಗಿ ಅವನನ್ನು ಮನೆಗೆ ಕರೆತಂದೆ. ಆತ ಗೋಡೆಗೊರಗಿ ಕೂತು, ಪುಸ್ತಕ ಬಿಚ್ಚಿ, "ಹುಜೂರ್, ನಿಮ್ದು ಯಾವ ಕುಲ?" ಎಂದ.

"ಅದನ್ನ ನೀನು ಹೇಳಬೇಕಯ್ಯ!"

ಅವನು ಜವಳಿ ಅಂಗಡಿಯವನು ಸೀರೆ ತೋರಿಸುವ ಹಾಗೆ ನನ್ನ ಮುಖವನ್ನೇ ನೋಡುತ್ತ ಒಂದೊಂದೇ ಹೆಸರು ಬಿಚ್ಚಿದ. "ರಾಠೋಡ್?... ಕಛವಾಹಾ?... ಚೌಹಾಣ್?"

ಚೌಹಾಣ್ ಎನ್ನುವಾಗ ನನ್ನ ಮೀಸೆ ತಾನಾಗಿಯೇ ಅದುರಿರಬೇಕು. ಅವನು ಪುಸ್ತಕಕ್ಕೆ ಫಟೀರೆಂದು ಹೊಡೆದು, "ಇಲ್ಲೇ ಅದೆ! ಚೌಹಾಣ್! ಅಗ್ನಿಕುಲ!" ಎಂದು ಕೂಗಿದ.

ಆಬೂ ಪರ್ವತದ ಮೇಲೆ ಋಷಿಗಳು ಯಜ್ಞ ಮಾಡಿದಾಗ ಅಗ್ನಿಕುಂಡದಿಂದ ನಾಲ್ವರು ವೀರರು ಎದ್ದುಬಂದರಂತೆ. ಅವರಲ್ಲಿ ಒಬ್ಬ ನಮ್ಮ ಮೂಲಪುರುಷ! ಕೇಳುತ್ತಿದ್ದಂತೆ ನನ್ನ ಮೈ ಬಿಸಿಯಾಯಿತು. ಅಲ್ಲಿಂದ ವಂಶ ಅಜಮೇರಿಗೆ ಇಳಿಯಿತು, ಅಜಮೇರಿನಿಂದ ದೆಹಲಿ, ದೆಹಲಿ ಬಿದ್ದ ಮೇಲೆ ಬುಂದೇಲಖಂಡ. ಒಂದೊಂದು ಊರಿನಲ್ಲೂ ಒಬ್ಬೊಬ್ಬ ಪೂರ್ವಜ ಏಳೇಳು ತಲೆ ಕಡಿದ. ಒಂದೊಂದು ಊರಿನಲ್ಲೂ ಭಾಟನಿಗೆ ಗಂಟಲು ಒಣಗಿತು. ತುಪ್ಪದ ಹಲ್ವ ಇಳಿಯದೆ ವಂಶ ಮುಂದಕ್ಕೆ ಹೊರಡುತ್ತಿರಲಿಲ್ಲ.

ಶುಕ್ರವಾರ ಸಂಜೆ ತುಳಸಾಬಾಯಿ ಬಾಗಿಲ ಹಿಂದಿನಿಂದ ಕೇಳಿದಳು: "ರೀ, ನಿಮ್ಮ ಹಿರೀಕರು ಈಗ ಎಲ್ಲಿದಾರೆ?"

"ನರ್ಮದೆ ದಾಟ್ತಾ ಇದಾರೆ."

"ಬೇಗ ದಾಟಿಸಿ. ರವೆ ಮುಗೀತು, ತುಪ್ಪದ ಭರಣಿ ತಳ ಕಾಣ್ತಿದೆ. ಭಾನುವಾರ ಬರೋ ನೆಂಟರಿಗೆ ನಾನೇನು ನಿಮ್ಮ ಅಗ್ನಿಕುಂಡದ ಬೂದಿ ಬಡಿಸ್ಲಾ?"

ಇಂಥ ಮಾತಿಗೆ ಚೌಹಾಣ ಕುಗ್ಗುತ್ತಾನೆಯೇ? ಆ ಮೂರು ದಿನ ನಾನು ಮಾರುಕಟ್ಟೆಯ ಚೀಲ ಹಿಡಿಯಲಿಲ್ಲ. ಬೀದಿಯಲ್ಲಿ ಎದುರಾದವರನ್ನೆಲ್ಲ ನಿಲ್ಲಿಸಿ ನಿಲ್ಲಿಸಿ ಆಬೂ ಪರ್ವತ ಹತ್ತಿಸಿದೆ. ಸೌದೆ ಒಡೆದುಕೊಡಿ ಎಂದಾಗ, "ಅಗ್ನಿಕುಲದವರು ಸೌದೆ ಒಡೆಯೋದಿಲ್ಲ!" ಎಂದು ಗುಡುಗಿದೆ.

"ಹಂಗಾದ್ರೆ ಬಂದು ಒಲೆ ಮುಂದೆ ಒಂದ್ಸಲ ನಿಂತ್ಕೊಳ್ಳಿ, ಸೌದೆ ಹಸೀದು, ಹತ್ತಿಕೊಳ್ತಾನೇ ಇಲ್ಲ," ಎಂದಳು.

ಭಾನುವಾರ ಸುಬೇದಾರರು ಜಟಕಾದಿಂದ ಇಳಿದರು. ಆರಡಿ ಎತ್ತರ, ಎದೆಯ ಮೇಲೆ ಮೂರು ಪದಕ. ಹಿಂದೆ ಮಗ, ಕೈಯಲ್ಲಿ ಸೀರೆಯ ಪೊಟ್ಟಣ. ವಂಶಾವಳಿಯನ್ನು ಸಾಕ್ಷಿಗಳೆದುರಿಗೇ ಓದಿಸಬೇಕೆಂದು ನಾನು ಸದಾಶಿವಯ್ಯನವರನ್ನೂ ಬೀದಿಯ ಹತ್ತಾರು ಹಿರಿಯರನ್ನೂ ಕರೆದು ಪಡಸಾಲೆಯಲ್ಲಿ ಕೂರಿಸಿದ್ದೆ. ತಂದಿಟ್ಟ ನೀರನ್ನು ಸುಬೇದಾರರು ಮುಟ್ಟಲಿಲ್ಲ.

"ಮೊದಲು ಕುಲ. ಆಮೇಲೆ ನೀರು," ಎಂದರು.

"ಓದು!" ಎಂದು ಭಾಟನಿಗೆ ಅಪ್ಪಣೆ ಕೊಡಿಸಿದೆ.

ಅವನು ಎದ್ದುನಿಂತು, ಒಂದು ಕೈ ಕಿವಿಯ ಮೇಲಿಟ್ಟು, ರಾಗವಾಗಿ ಎತ್ತಿದ. ಅಗ್ನಿಕುಂಡ, ಅಜಮೇರು, ದೆಹಲಿ, ಬುಂದೇಲಖಂಡ, ನರ್ಮದೆ, ಗೋದಾವರಿ, ಶ್ರೀರಂಗಪಟ್ಟಣ! ಕಡಿದ ತಲೆಗಳನ್ನು ಸದಾಶಿವಯ್ಯನವರು ಬೆರಳಲ್ಲಿ ಎಣಿಸಲು ಹೋಗಿ ಕೈಬಿಟ್ಟರು. ಕೊನೆಗೆ "ಚೌಹಾಣ ಕುಲತಿಲಕ ಠಾಕೂರ್ ಜಾಲಿಂ ಸಿಂಗ್!" ಎಂದು ಭಾಟ ನಿಲ್ಲಿಸಿದಾಗ ನನ್ನ ಅಂಗಿಯ ಒಂದು ಗುಂಡಿ ಕಿತ್ತು ಹಾರಿತು.

ಸುಬೇದಾರರು ಎದ್ದರು. ಕಣ್ಣಲ್ಲಿ ನೀರು. ಎರಡೂ ತೋಳು ಚಾಚಿ ನನ್ನನ್ನು ಪದಕಗಳಿಗೆ ಒತ್ತಿಕೊಂಡರು.

"ಭಾಯೀ! ನಾವೂ ಚೌಹಾಣರೇ!"

ಜನವೆಲ್ಲ ಭಲೇ ಎಂದಿತು. ನಾನು ಗೆದ್ದೆ! ಬಾಗಿಲ ಕಡೆ ತಿರುಗಿ ತುಳಸಾಬಾಯಿಯನ್ನು ವಿಜಯದೃಷ್ಟಿಯಿಂದ ನೋಡಿದೆ. ಅವಳು ಹಣೆ ಚಚ್ಚಿಕೊಳ್ಳುತ್ತಿದ್ದಳು.

ಯಾಕೆಂದು ಹೊಳೆಯುವಷ್ಟರಲ್ಲಿ ಸುಬೇದಾರರ ಹಿಡಿತ ಸಡಿಲವಾಗಿತ್ತು. "ಆದ್ರೆ ಮೇಷ್ಟ್ರೇ, ಒಂದೇ ಕುಲ ಅಂದ ಮೇಲೆ ನಿಮ್ಮ ಮಗಳು ನನ್ನ ಮಗನಿಗೆ ತಂಗಿ ಆದ್ಳಲ್ಲ. ಈ ಮದುವೆ ಎಲ್ಲಿ ಆಗುತ್ತೆ?" ಎಂದು ನಿಟ್ಟುಸಿರಿಟ್ಟು, ಮಗನ ಕೈಯಿಂದ ಪೊಟ್ಟಣ ತೆಗೆದು ಚಾಪೆಯ ಮೇಲಿಟ್ಟರು. "ಇದನ್ನ ಅಣ್ಣ ತಂಗಿಗೆ ಕೊಟ್ಟ ಸೀರೆ ಅಂತ ಇಟ್ಕೊಳ್ಳಿ."

ಗಾರ್ಡು ಅಪಘಾತ ಕಂಡವನಂತೆ ನಿಂತುಬಿಟ್ಟ. ಒಳಗೆ ಕಂಚಿನ ಚೊಂಬು ಬಿದ್ದು ಉರುಳುವ ಶಬ್ದ. ನಾನು ಭಾಟನ ಕಡೆ ತಿರುಗಿದೆ.

"ಹುಜೂರ್, ಚಿಂತೆ ಬೇಡ," ಎಂದು ಅವನು ಆಗಲೇ ಹಾಳೆ ತಿರುವುತ್ತಿದ್ದ. "ರಾಠೋಡ್ ಮಾಡ್ಬಹುದು. ಇಲ್ಲೇ ಜಾಗ ಅದೆ."

ಸುಬೇದಾರರು ಒಂದೇ ಒಂದು ಸಲ "ಕ್ಯಾ?" ಎಂದರು. ಭಾಟ ಪುಸ್ತಕಸಮೇತ ಹಿತ್ತಲ ಬಾಗಿಲಿನಿಂದ ಮಾಯವಾದ. ಆರು ನೂರು ವರ್ಷ ಮೆಲ್ಲಮೆಲ್ಲನೆ ವಲಸೆ ಬಂದ ನಮ್ಮ ವಂಶವೆಲ್ಲ ಒಂದೇ ನಿಮಿಷದಲ್ಲಿ ಹಿತ್ತಲು ದಾಟಿ ಹೋಯಿತು.

"ಮೇಷ್ಟ್ರೇ, ಏನಿದು?" ಎಂದರು ಸುಬೇದಾರರು.

ಬೀದಿಯೆಲ್ಲ ನನ್ನ ಮುಖ ನೋಡುತ್ತಿತ್ತು. ಇಷ್ಟು ಜನರ ಮುಂದೆ ಮಾತು ಹಿಂತೆಗೆದುಕೊಳ್ಳುವುದೇ? "ಪುಸ್ತಕ ಓಡಿಹೋದ್ರೆ ಕುಲ ಓಡಿಹೋಗುತ್ತಾ? ನಾನು ಚೌಹಾಣನೇ!" ಎಂದುಬಿಟ್ಟೆ.

ಆಗ ತುಳಸಾಬಾಯಿ ತಲೆಯ ಮೇಲೆ ಸೆರಗೆಳೆದುಕೊಂಡು, ಹೊಸಿಲು ದಾಟಿ ಪಡಸಾಲೆಗೆ ಬಂದು ನಿಂತಳು.

"ಸುಬೇದಾರರೇ, ಇವರು ಚೌಹಾಣರಲ್ಲ. ಬೈಸ ಕುಲ. ನಾನು ಈ ಮನೆಗೆ ಬಂದ ವರ್ಷ ನಮ್ಮತ್ತೆ ಕೂರಿಸಿಕೊಂಡು ಹೇಳಿದ್ರು. ಇವರ ಮುತ್ತಾತ ಅವಧ ಸೀಮೆಯೋರು, ಕಂಪನಿ ದಂಡಿನ ಜೊತೆ ಬಂದ್ರಂತೆ. ಯುದ್ಧ ಮಾಡೋಕೆ ಮುಂಚೇನೇ ಚಳಿಜ್ವರ ಹಿಡ್ಕೊಂಡು, ದಂಡು ಅವರನ್ನ ಒಂದು ಹುಣಸೆಮರದ ಕೆಳಗೆ ಮಲಗಿಸಿ ಹೊರಟ್ಹೋಯ್ತು. ಇಲ್ಲಿದ್ದ ನಮ್ಮೋರ ಮನೆಯೊಂದರಲ್ಲಿ ರಾಗಿ ಗಂಜಿ ಕುಡಿಸಿ ಉಳಿಸ್ಕೊಂಡ್ರು. ಜ್ವರ ಬಿಟ್ಟ ಮೇಲೆ ಹೋಗಪ್ಪ ಅಂದ್ರೆ, 'ಗಂಜಿ ಕೊಟ್ಟ ಊರು ಬಿಟ್ಟು ಎಲ್ಲಿಗೂ ಹೋಗಲ್ಲ' ಅಂತ ಕೂತ್ಬುಟ್ರಂತೆ. ಆ ಮನೆ ಮಗಳನ್ನೇ ಮದುವೆಯಾದ್ರು."

"ನನಗ್ಯಾಕೆ ಹೇಳಲಿಲ್ಲ?" ಎಂದು ಪಿಸುಗುಟ್ಟಿದೆ.

"ಗಂಡಸರ ವಿಷಯ, ಸುಮ್ನಿರು ಅಂದ್ರಲ್ಲ."

ಸುಬೇದಾರರು ಮೀಸೆ ಸವರಿಕೊಂಡರು. "ಬೈಸರಿಗೂ ನಮಗೂ ಸಂಬಂಧ ಆಗುತ್ತಮ್ಮ. ಆದ್ರೆ ಇದಕ್ಕೆ ಸಾಕ್ಷಿ?"

"ಇಪ್ಪತ್ತೆರಡು ವರ್ಷದಿಂದ ನಮ್ಮತ್ತೆ ಕೈಲಿ ಬೈಸಿಕೊಂಡ್ರು, ನನ್ನ ಕೈಲಿ ಬೈಸಿಕೊಂಡ್ರು, ಇಸ್ಕೂಲ್ ಹೆಡ್‌ಮಾಸ್ಟರ ಕೈಲಿ ಬೈಸಿಕೊಂಡ್ರು. ಒಂದು ದಿನ ಮನೆ ಬಿಟ್ಟು ಹೋದೋರಲ್ಲ. ಬೈಸ ಕುಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?"

ಮೊದಲು ನಕ್ಕವರು ಸದಾಶಿವಯ್ಯನವರು. ಆಮೇಲೆ ಇಡೀ ಪಡಸಾಲೆ. ಸುಬೇದಾರರು ಪದಕಗಳು ಗಲಗಲ ಎನ್ನುವಷ್ಟು ನಕ್ಕು, ಕಣ್ಣೊರೆಸಿಕೊಂಡು ಹೇಳಿದರು: "ಸುಳ್ಳು ಹೇಳೋನು ಏಳು ತಲೆ ಕಡಿದೆ ಅಂತಾನೆ. ಜ್ವರ ಬಂದು ಮಲಗಿದ್ದೆ ಅಂತ ಯಾರೂ ಸುಳ್ಳು ಹೇಳೋಲ್ಲ. ನಾನು ಇದನ್ನ ನಂಬ್ತೀನಿ. ಆದ್ರೆ ಮನೆ ಯಜಮಾನರ ಬಾಯಿಂದ ಬರಬೇಕು. ಹೇಳಿ ಮೇಷ್ಟ್ರೇ, ಚೌಹಾಣರೋ? ಬೈಸರೋ?"

ಮೂರು ದಿನ ಬೀದಿ ಬೀದಿಯಲ್ಲಿ ಹತ್ತಿದ ಪರ್ವತದಿಂದ ಎಲ್ಲರೂ ನೋಡುತ್ತಿರುವಾಗ ಇಳಿಯುವುದು ಎಷ್ಟು ಕಷ್ಟವೆಂಬುದು ಇಳಿದವನಿಗೇ ಗೊತ್ತು. ಬೇಡ, ಇಳಿಯುವುದಿಲ್ಲ ಎಂದೇ ಬಾಯಿ ತೆರೆದೆ. ಅಷ್ಟರಲ್ಲಿ ಬಾಗಿಲ ಸಂದಿಯಲ್ಲಿ ಕಮಲ ಕಂಡಳು. ಅಳುತ್ತಿರಲಿಲ್ಲ. ಉಸಿರು ಹಿಡಿದು ನನ್ನನ್ನೇ ನೋಡುತ್ತಿದ್ದಳು, ಅಷ್ಟೇ.

"ಬೈಸ," ಎಂದೆ. ಸಣ್ಣದಾಗಿ ಕೇಳಿಸಿರಬೇಕೆಂದು ಇನ್ನೊಮ್ಮೆ, ಡ್ರಿಲ್ಲಿನ ದನಿಯಲ್ಲಿ, "ಬೈಸ!" ಎಂದು ಕೂಗಿದೆ.

ಸುಬೇದಾರರು ಲೋಟ ಎತ್ತಿ ನೀರು ಕುಡಿದರು.

ಮದುವೆಗೆ ಮೂರು ವಾರ ಮುಂಚೆ ಅಚ್ಚುಕೂಟದ ಸವರಿಮುತ್ತು ಲಗ್ನಪತ್ರಿಕೆಯ ಕರಡು ಹಿಡಿದುಕೊಂಡು ಮನೆಗೆ ಬಂದ. 'ಬೈಸ ಕುಲೋತ್ಪನ್ನ ಠಾಕೂರ್ ಜಾಲಿಂ ಸಿಂಗ್' ಎಂಬಲ್ಲಿ ಬೆರಳಿಟ್ಟು, ಸಂಕೋಚದಿಂದ ತಲೆ ಕೆರೆದುಕೊಂಡ.

"ಮೇಷ್ಟ್ರೇ, ಇಲ್ಲಿ ಅಕ್ಷರ ಏನಾರ ಬಿಟ್ಟೋಗೈತಾ? ಓದ್ದೋರು ಬೇರೆ ಅರ್ಥ ಮಾಡ್ಕೊಂಡಾರು."

ಅಡುಗೆಮನೆಯಲ್ಲಿ ಒಂದು ಸೌಟು ಸದ್ದು ಮಾಡುವುದನ್ನು ನಿಲ್ಲಿಸಿತು. ನಾನು ಎದೆ ಸೆಟೆಸಿ ಎದ್ದುನಿಂತೆ.

"ಒಂದಕ್ಷರಾನೂ ಬಿಟ್ಟಿಲ್ಲ. ಇನ್ನೂ ದಪ್ಪ ಅಕ್ಷರದಲ್ಲಿ ಹಾಕು!"