ಮಾವನ ಪಟಗ ಮತ್ತು ಐವತ್ತನೆಯ ಖಾತೆ

ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿದವನಿಗೆ ಮೊಬೈಲಿನಲ್ಲಿ ಬ್ಯಾಂಕ್ ಖಾತೆ ತೆರೆಯುವ ಕಂಪನಿಯಲ್ಲಿ ಏನು ಕೆಲಸ ಎಂದು ಜಮಖಂಡಿಯಲ್ಲಿ ಎಲ್ಲರೂ ಕೇಳಿದರು. ಸಂದರ್ಶನದಲ್ಲೂ ಅದನ್ನೇ ಕೇಳಿದರು. "ಸರ್, ಮೊಬೈಲ್ ಎಲ್ಲರಿಗೂ ಗೊತ್ತು. ಜನ ನನಗೆ ಗೊತ್ತು!" ಎಂದೆ. ಮೆಚ್ಚಿ ತೆಗೆದುಕೊಂಡರು. ಷರತ್ತು ಒಂದೇ: ಶನಿವಾರ ಸಂಜೆಯೊಳಗೆ ಐವತ್ತು ಖಾತೆ ತೆರೆದರೆ ನೌಕರಿ ಕಾಯಂ.

ಶನಿವಾರ ಮಧ್ಯಾಹ್ನ ನಲವತ್ತೊಂಬತ್ತು ಆಗಿದ್ದವು. ಐವತ್ತನೆಯದಕ್ಕೆ ಹೆಂಡತಿ ಗೀತಾಳನ್ನು ಕರೆದುಕೊಂಡು ಬನಹಟ್ಟಿಯ ಮಾವನ ಮನೆಗೆ ಹೋದೆ.

"ಊಟಾ ಮಾಡಿ ಸುಮ್ನ ಬರೂನ್ರಿ. ಅಪ್ಪನ ಮುಂದ ಮೊಬೈಲ್ ತಗೀಬ್ಯಾಡ್ರಿ" ಎಂದಿದ್ದಳು. ಗಂಡಸಿನ ವೃತ್ತಿಜೀವನ ಹೆಂಗಸರಿಗೆ ಏನು ತಿಳಿಯುತ್ತದೆ!

ಊಟವಾಯಿತು. ಗೀತಾ ಪಾತ್ರೆ ತೊಳೆಯಲು ಹಿತ್ತಲಿಗೆ ಹೋದಳು. ಅತ್ತೆ ನೊಣದ ಕಾಟಕ್ಕೆ ಮುಖದ ತುಂಬ ಹೊದ್ದು ಪಡಸಾಲೆಯಲ್ಲೇ ಮಲಗಿದರು. ನಾನು ಮಾವನ ಮುಖಕ್ಕೆ ಮೊಬೈಲ್ ಹಿಡಿದೆ. 'ತಲೆಯ ಮೇಲಿನದ್ದನ್ನು ತೆಗೆಯಿರಿ' ಎಂದು ಪರದೆಯ ಮೇಲೆ ಬಂತು.

"ಮಾವಾರ, ಪಟಗಾ ಇಳಸ್ರಿ."

ಮಾವ ಗಾಬರಿಯಾದರು. "ಮನ್ಯಾಗ ಯಾರೂ ಸತ್ತಿಲ್ಲಲ್ರೀ ಅಳಿಯಾರ!"

"ಈಗ ಕಾಲ ಬದಲಾಗೇತ್ರಿ."

"ಓದಿದವ್ರು ನೀವು, ಹೇಳೀರಂದ್ರ ಆತು" ಎಂದು ಪಟಗ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡರು. 'ಕಣ್ಣು ಮಿಟುಕಿಸಿ' ಎಂದು ಬಂತು. ಮಾವ ಕಣ್ಣು ಮುಚ್ಚಿದರು. ನಾನು ಹೇಳಲೆಂದು ಕಾದರೇನೋ, ತೆರೆಯಲೇ ಇಲ್ಲ!

ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ನಾನು ಹೊಸ್ತಿಲಿಗೆ ಓಡಿ, ಎರಡೂ ಕೈಯಲ್ಲಿ ಮೊಬೈಲನ್ನು ಆಕಾಶಕ್ಕೆ ಎತ್ತಿ ನಿಂತೆ.

ಹಪ್ಪಳ ಕೊಡಲು ಬಂದ ಪಕ್ಕದ ಮನೆಯ ಕಾಶವ್ವ ಕಂಡದ್ದು ಇಷ್ಟು: ಆಕಾಶಕ್ಕೆ ಕೈಯೆತ್ತಿದ ಅಳಿಯ, ಪಟಗವಿಲ್ಲದ ಬರಿ ತಲೆಯಲ್ಲಿ ಕಣ್ಣು ಮುಚ್ಚಿ ಕೂತ ಯಜಮಾನ, ಪಕ್ಕದಲ್ಲಿ ಪೂರ್ತಿ ಹೊದಿಸಿದ ಯಜಮಾನಿ.

"ಎಂಥಾ ಗೆಣತೀನ ಕಳಕೊಂಡ್ನ್ಯೋ ಯವ್ವಾ!" ಎಂದು ಬಾಯಿ ಬಡಿದುಕೊಂಡು ಅತ್ತಳು.

ಓಣಿಯ ಮಗ್ಗಗಳು ಒಂದೊಂದಾಗಿ ನಿಂತವು. ಜನ ನುಗ್ಗಿದರು. ಯಾರೋ ಮಾಲೆಗೆ ಹೇಳಿ ಕಳಿಸಿದರು. ನನಗೆ ಏನಾಗುತ್ತಿದೆ ಎಂದೇ ತಿಳಿಯಲಿಲ್ಲ. ಹಿರಿಯರೊಬ್ಬರು ನನ್ನ ಬೆನ್ನು ಸವರಿದಾಗ ನಾನೂ ಸ್ವಲ್ಪ ಕಣ್ಣೀರು ಹಾಕಿದೆ. ಗದ್ದಲಕ್ಕೆ ಎಚ್ಚರವಾದ ಅತ್ತೆ ಎದ್ದು ಕೂತು, ಕಾಶವ್ವನ ಕೊರಳು ತಬ್ಬಿಕೊಂಡು ತಾವೂ ಅಳತೊಡಗಿದರು. ಅಳುವ ಗಲಾಟೆಯಲ್ಲಿ ಅದನ್ನು ಯಾರೂ ಗಮನಿಸಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು ಕೇಳಿದರು:

"ಯಾರವ್ವಾ ಹೋದವ್ರು?"

ಮಂದಿ ಬಾಗಿಲಿಗೆ ಹಾರಿತು. ಕಾಶವ್ವ ಹಪ್ಪಳದ ಮೇಲೆಯೇ ಬಿದ್ದಳು!

ಎಲ್ಲ ತಣ್ಣಗಾಗುವ ಹೊತ್ತಿಗೆ ಸಂಜೆಯಾಗಿತ್ತು. ಮೊಬೈಲ್ 'ಸಮಯ ಮೀರಿದೆ' ಎಂದಿತು. ನಲವತ್ತೊಂಬತ್ತಕ್ಕೇ ನನ್ನ ನೌಕರಿ ಮುಗಿಯಿತು. ಖರೆ ಹೇಳುತ್ತೇನೆ, ಬಹಳ ಸಂಕಟವಾಯಿತು.

ಬಸ್ಸಿನಲ್ಲಿ ಗೀತಾ ಮೆಲ್ಲಗೆ ಕೇಳಿದಳು. "ಅಲ್ರೀ, ನಿಮ್ಮ ಎಂ.ಎ. ಪ್ರಬಂಧ ಯಾವುದರ ಮ್ಯಾಲಿತ್ರಿ?"

ನಾನು ಕಿಟಕಿಯ ಕಡೆ ತಿರುಗಿದೆ. 'ನೇಕಾರರ ಓಣಿಗಳಲ್ಲಿ ಸಾವಿನ ಪದ್ಧತಿಗಳು.' ಪಟಗ ಇಳಿಸುವುದರ ಬಗ್ಗೆಯೇ ಹನ್ನೊಂದು ಪುಟ ಬರೆದಿದ್ದೆ. ಅದನ್ನು ಓದಿ, ಹುಡುಗ ನಮ್ಮ ಮಂದಿಯನ್ನು ಬಲ್ಲವನು ಎಂದೇ ಮಾವ ನನಗೆ ಮಗಳನ್ನು ಕೊಟ್ಟಿದ್ದರು!